ಹೊಳೆ ಬಲ್ಲವನಿಗೆ ಇನಾಮು ಎಷ್ಟು?

ಬೆಂಗಳೂರಿನಿಂದ ಹೊರಟು ಕನಕಪುರವನ್ನು ಹಾದು ಮಳವಳ್ಳಿ, ಕೊಳ್ಳೇಗಾಲಗಳ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಾತನೂರು ಸಿಗುತ್ತದೆ. ಕನಕಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಈ ಊರಿಗೆ ಚನ್ನಪಟ್ಟಣದ ಕಡೆಯಿಂದಲೂ ಒಂದು ರಸ್ತೆ ಬಂದು ಕೂಡುತ್ತದೆ. ಸುತ್ತಮುತ್ತ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಅಲ್ಲಲ್ಲಿ ಮಾವು, ತೆಂಗು. ಸಮೀಪದಲ್ಲಿಯೇ ಕಬ್ಬಾಳದುರ್ಗವು ಒಂದೇ ಕಲ್ಲಿನಲ್ಲಿ ಕಡೆದಂತೆ ಎದ್ದು ನಿಂತಿದೆ. ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ಸೆರೆಯಾಳುಗಳನ್ನು ಇಡುತ್ತಿದ್ದ ಆ ದುರ್ಗದ ಬುಡದಲ್ಲಿ ಇಂದು ಕಬ್ಬಾಳಮ್ಮನ ಭಕ್ತರ ಸಂದಣಿ.

ಸಾತನೂರಿನಲ್ಲಿ ದೊಡ್ಡ ಹೊಳೆಯಿಲ್ಲ; ಆದರೆ ಹೊಳೆಗೆ ಹೋಗುವವರೆಲ್ಲರೂ ಈ ದಾರಿಯನ್ನು ಬಲ್ಲರು. ಮುಂದೆ ಹಲಗೂರಿನಲ್ಲಿ ತಿರುಗಿ ಕಾಡಿನ ರಸ್ತೆಯನ್ನು ಹಿಡಿದರೆ ಮುತ್ತತ್ತಿ, ಭೀಮೇಶ್ವರಿಗಳ ಬಳಿ ಕಾವೇರಿಯ ದರ್ಶನವಾಗುತ್ತದೆ. ಕನಕಪುರದ ಕಡೆಯಿಂದ ಇಳಿದವರಿಗೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ, ಅದರ ಕೆಳಗೆ ಮೇಕೆದಾಟು. ಬೆಟ್ಟಗಳ ನಡುವೆ ಬಂಡೆಯಿಂದ ಬಂಡೆಗೆ ಹಾಯುತ್ತ, ಒಂದು ಕಡೆ ಮಡುವಾಗಿ ನಿಂತು ಮತ್ತೊಂದು ಕಡೆ ಬಿಳಿಯ ನೊರೆಯಾಗಿ ಧುಮುಕುತ್ತ ಹರಿಯುವ ಈ ಭಾಗದ ಕಾವೇರಿಗೆ ಒಂದು ಕಾಲದಲ್ಲಿ ಸಮುದ್ರದಾಚೆಯಿಂದಲೂ ಜನರು ಬರುತ್ತಿದ್ದರು. ಅವರು ಬರುತ್ತಿದ್ದುದು ಒಂದು ಮೀನಿಗಾಗಿ. ಆ ಮೀನನ್ನು ಅವರಿಗೆ ತೋರಿಸಿಕೊಡುತ್ತಿದ್ದವರು ಈ ದಡದ ಹಳ್ಳಿಗರು. ಅವರಿಗೂ ಇವರಿಗೂ ನಡುವೆ ಪ್ರತಿ ಪ್ರವಾಸದ ಕೊನೆಯ ದಿನ ಒಂದು ಸಣ್ಣ ಪ್ರಶ್ನೆ ಏಳುತ್ತಿತ್ತು. ಕೈಗೆ ಎಷ್ಟು ಕೊಡಬೇಕು? ಹೇಗೆ ಕೊಡಬೇಕು?

ಪ್ರಶ್ನೆ ಸಣ್ಣದೇ ಆದರೂ ಅದರ ಸುತ್ತ ಒಂದು ನದಿಯ ಕಥೆಯೇ ಇದೆ.

ಬಿಳಿಮೀನು ಮತ್ತು ಬೇಟೆಗಾರರು

ಆ ಮೀನಿಗೆ ಹೊರಗಿನವರು ಮಹಶೀರ್ ಎನ್ನುತ್ತಾರೆ. ಹೊಳೆಯ ದಡದವರಿಗೆ ಅದು ಬಿಳಿಮೀನು. ಅಂಗೈಯಗಲದ ಹುರುಪೆ, ತುಂಬು ತುಟಿಯ ಬಾಯಿ, ಗಂಟಲಿನಲ್ಲಿ ಏಡಿಯನ್ನೂ ಪುಡಿಮಾಡಬಲ್ಲ ಹಲ್ಲು. ಗಾಳ ಕಚ್ಚಿತೆಂದರೆ ಪ್ರವಾಹದ ಜೊತೆಗೆ ಬಾಣದಂತೆ ಕೆಳಕ್ಕೆ ಓಡಿ ನೂರಾರು ಗಜ ದಾರವನ್ನು ಸೆಳೆದುಕೊಂಡು ಹೋಗುವುದು ಅದರ ಸ್ವಭಾವ. ಬ್ರಿಟಿಷರ ಕಾಲದ ಅಧಿಕಾರಿಗಳು ಈ ಮೀನಿನ ಬೆನ್ನು ಹತ್ತಿದುದು ಈ ಗುಣಕ್ಕಾಗಿಯೇ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ೧೮೭೩ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು ಪ್ರಕಟಿಸಿ, ಭಾರತದ ನದಿಗಳಲ್ಲಿ ಗಾಳ ಹಾಕುವ ವಿದ್ಯೆಯನ್ನು ತನ್ನ ದೇಶದವರಿಗೆ ಪರಿಚಯಿಸಿದನು. ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ಹದಮಾಡುವ ಕೆಲಸಕ್ಕೆ ಹೆಸರಾಗಿದ್ದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ೧೯೪೬ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ ೧೨೦ ಪೌಂಡು ತೂಗಿತು. ಅಂದರೆ ಐವತ್ತನಾಲ್ಕು ಕಿಲೋಗಿಂತಲೂ ಹೆಚ್ಚು. ಒಬ್ಬ ಆಳಿನ ತೂಕವೆನ್ನಬಹುದು.

ಸ್ವಾತಂತ್ರ್ಯಾನಂತರ ದೊರೆಗಳು ಹೋದರು, ಗಾಳವೂ ಮರೆಯಾಯಿತು. ಹೊಳೆಯಲ್ಲಿ ಸಿಡಿಮದ್ದಿನ ಸದ್ದು ಕೇಳತೊಡಗಿತು. ಮದ್ದು ಸಿಡಿಸಿದರೆ ದೊಡ್ಡದು ಚಿಕ್ಕದು ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ. ಒಂದು ಸಂತೆಗೆ ಆಗುವಷ್ಟು ಮೀನಿಗಾಗಿ ಇಡೀ ಮಡುವೇ ಬರಿದಾಗುತ್ತದೆ. ದೊಡ್ಡ ಮಹಶೀರ್ ಅಳಿದೇ ಹೋಯಿತೆಂದು ಹೊರಗಿನವರು ನಂಬಿದ್ದಾಗ, ೧೯೭೭ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಯುವಕರ ತಂಡವೊಂದು ಕಾವೇರಿಯಲ್ಲಿ ಅದು ಇನ್ನೂ ಇದೆಯೆಂಬುದನ್ನು ಗಾಳದಿಂದಲೇ ಸಾಧಿಸಿ ತೋರಿಸಿತು. ಬೆಂಗಳೂರಿನಲ್ಲಿ ೧೯೭೨ರಲ್ಲಿ ಹುಟ್ಟಿದ್ದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಘವು ಹೊಳೆಯ ಒಂದು ಭಾಗವನ್ನು ಕಾಯುವ ಹೊಣೆ ಹೊತ್ತಿತು. ೧೯೮೦ರಲ್ಲಿ ಸ್ಥಾಪನೆಯಾದ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಜೀವಸಹಿತ ನೀರಿಗೇ ಬಿಡಬೇಕೆಂಬುದು ಅಲ್ಲಿಯ ಕಟ್ಟಳೆ.

ಈ ಶಿಬಿರಗಳಿಗೆ ದಾರಿತೋರುವವರು ಬೇಕಾದರು. ಹೊಳೆಯನ್ನು ಬಲ್ಲವರು ಯಾರು? ಹೊಳೆಯಲ್ಲಿ ಬೆಳೆದವರು. ಅವರಲ್ಲಿ ಕೆಲವರು ಹಿಂದೆ ಬಲೆ ಹಾಕಿದವರು, ಮದ್ದು ಸಿಡಿಸಿದವರು. ಮಡುವಿನ ಆಳ, ಬಂಡೆಯ ಮರೆ, ಮೀನು ಮೇಯುವ ಹೊತ್ತು, ಸುಳಿಯ ಸೆಳೆತ ಇವೆಲ್ಲವೂ ಅವರಿಗೆ ಅಂಗೈರೇಖೆ. ಅದೇ ವಿದ್ಯೆ ಕೊಲ್ಲುವುದನ್ನು ಬಿಟ್ಟು ಕಾಯುವ ಕೆಲಸಕ್ಕೆ ತಿರುಗಿತು. ಸ್ಕಾಟ್ಲೆಂಡಿನಲ್ಲಿ ಗಾಳ ಹಾಕುವ ದೊರೆಯ ಜೊತೆಗಿರುವ ಆಳಿಗೆ ‘ಗಿಲ್ಲಿ’ ಎನ್ನುವ ಹೆಸರಿದೆ. ಅಲ್ಲಿಯ ನುಡಿಯಲ್ಲಿ ಹುಡುಗ ಎಂದರ್ಥ. ಬಿಳಿಯರು ಅದೇ ಹೆಸರನ್ನು ಕಾವೇರಿಯ ದಡಕ್ಕೂ ತಂದರು. ಚಿನ್ನಿದಾಂಡಿನ ಗಿಲ್ಲಿಯನ್ನು ಮಾತ್ರ ಬಲ್ಲ ಕನ್ನಡಿಗರ ಕಿವಿಗೆ ಈ ಬಿರುದು ತಮಾಷೆಯಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಮೀನಿನ ತೂಕಕ್ಕೆ ಹಣ ತೂಗಬಾರದು

ಗಾಳದವನ ಜೊತೆಗಾರನ ದಿನಚರಿ ನಸುಕಿಗೇ ಆರಂಭವಾಗುತ್ತಿತ್ತು. ರಾಗಿಹಿಟ್ಟನ್ನು ನಾದಿ, ಅದಕ್ಕೆ ತನ್ನದೇ ಗುಟ್ಟಿನ ಮಸಾಲೆ ಬೆರೆಸಿ, ಬೇಯಿಸಿ, ಗಾಳಕ್ಕೆ ಕಟ್ಟುವ ಉಂಡೆಯನ್ನು ಸಿದ್ಧಪಡಿಸಬೇಕು. ಸಾತನೂರಿನ ಸೀಮೆಯವನು ಹೊಟ್ಟೆಗೆ ಉಣ್ಣುವುದೂ ರಾಗಿಯ ಮುದ್ದೆ, ಹೊಳೆಯ ದೊಡ್ಡ ಮೀನಿಗೆ ಒಡ್ಡುವುದೂ ರಾಗಿಯ ಮುದ್ದೆ! ಆಮೇಲೆ ಹರಿಗೋಲನ್ನು ಹೊತ್ತು ನೀರಿಗಿಳಿಸಬೇಕು. ಅತಿಥಿಯನ್ನು ಸರಿಯಾದ ಬಂಡೆಯ ಮೇಲೆ ಕೂರಿಸಬೇಕು. ಕಾಡಿನ ಅಂಚಿನಲ್ಲಿ ಆನೆಯ ಸುಳಿವನ್ನೂ, ಮರಳಿನ ಮೇಲೆ ಮೊಸಳೆಯನ್ನೂ ಗಮನಿಸುತ್ತಿರಬೇಕು. ಮೀನು ಕಚ್ಚಿ ಓಡಿದರೆ ಹರಿಗೋಲಿನಲ್ಲಿ ಅದರ ಬೆನ್ನಟ್ಟಬೇಕು. ದಾರ ಬಂಡೆಗೆ ಸಿಕ್ಕಿದರೆ ಬಿಡಿಸಬೇಕು. ಕೊನೆಗೆ ಮೀನು ಕೈಗೆ ಬಂದಾಗ ಅದನ್ನು ನೀರಿನಲ್ಲಿಯೇ ಹಿಡಿದು, ಪ್ರವಾಹಕ್ಕೆ ಮುಖಮಾಡಿಸಿ, ದಣಿವಾರಿಸಿ ಬಿಡುವವರೆಗೆ ಅವನಿಗೆ ಬಿಡುವಿಲ್ಲ.

ಇಷ್ಟಾದರೂ ಮೀನು ಕಚ್ಚುವುದು ಮೀನಿನ ಇಚ್ಛೆ. ಗಾಳಿಬೋರೆಯ ಶಿಬಿರದಲ್ಲಿ ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ಲೆಕ್ಕಪುಸ್ತಕಗಳನ್ನು ವಿಜ್ಞಾನಿಗಳು ಮುಂದೆ ಪರಿಶೀಲಿಸಿದರು. ಆ ಅವಧಿಯಲ್ಲಿ ೨೩,೬೨೦ ಗಂಟೆಗಳ ಕಾಲ ಗಾಳ ಹಾಕಿ ೬,೧೬೧ ಮಹಶೀರ್‌ಗಳನ್ನು ಹಿಡಿದು ಬಿಡಲಾಗಿತ್ತು. ಅತಿ ಚಿಕ್ಕದು ಅರ್ಧ ಕಿಲೋವನ್ನೂ ಮುಟ್ಟದು. ಅತಿ ದೊಡ್ಡದು ೪೬.೮ ಕಿಲೋ. ಭಾಗಿಸಿ ನೋಡಿದರೆ, ಗಾಳವೊಂದು ಸುಮಾರು ನಾಲ್ಕು ಗಂಟೆ ನೀರಿನಲ್ಲಿದ್ದರೆ ಒಂದು ಮೀನು. ಅದೂ ಸರಾಸರಿ, ಕಾಯುವವನಿಗೆ ಸರಾಸರಿಯಂತೆ ಫಲ ಸಿಗುವುದಿಲ್ಲ. ಒಂದು ದಿನ ಮೂರು ಸಿಕ್ಕರೆ ಮೂರು ದಿನ ಒಂದೂ ಸಿಗದಿರಬಹುದು.

ಈ ಲೆಕ್ಕದಿಂದ ಇನಾಮಿನ ಮೊದಲ ನೀತಿ ತಾನಾಗಿಯೇ ಹೊರಡುತ್ತದೆ. ಸಿಕ್ಕ ಮೀನಿನ ತೂಕವನ್ನು ನೋಡಿ ಹಣ ಕೊಡುವವನು ಮನುಷ್ಯನ ಶ್ರಮಕ್ಕೆ ಬೆಲೆ ಕಟ್ಟಲಿಲ್ಲ, ಅದೃಷ್ಟಕ್ಕೆ ಕಟ್ಟಿದ. ಬರಿಗೈಯಲ್ಲಿ ಮರಳಿದ ದಿನವೇ ಜೊತೆಗಾರ ಹೆಚ್ಚು ದುಡಿದಿರುತ್ತಾನೆ. ಒಂದು ಮಡು ಬಿಟ್ಟು ಇನ್ನೊಂದಕ್ಕೆ ಹರಿಗೋಲನ್ನು ಹೊತ್ತು ನಡೆದಿರುತ್ತಾನೆ. ಅಂದು ಅತಿಥಿ ಮುಖ ಗಂಟಿಕ್ಕಿ ಜೇಬು ಬಿಗಿದುಕೊಂಡರೆ ಅದಕ್ಕಿಂತ ಅನ್ಯಾಯವಿಲ್ಲ.

ಇನ್ನೊಂದು ಕೇಡೂ ಉಂಟು. ದೊಡ್ಡ ಮೀನಿಗೆ ದೊಡ್ಡ ಇನಾಮು ಎಂಬ ಆಸೆ ಹುಟ್ಟಿತೆಂದರೆ ಅದರ ದಂಡವನ್ನು ತೆರುವುದು ಮೀನು. ಇನ್ನೊಂದು ಚಿತ್ರ, ಮತ್ತೊಂದು ಚಿತ್ರ ಎಂದು ಅದನ್ನು ನೀರಿನಿಂದ ಮೇಲೆತ್ತಿ ಹಿಡಿದಷ್ಟೂ ಅದರ ಉಸಿರು ಕಟ್ಟುತ್ತದೆ. ‘ಸಾಕು, ಬಿಟ್ಟುಬಿಡಿ’ ಎನ್ನಬೇಕಾದವನು ಜೊತೆಗಾರ. ಹಣದ ಆಸೆ ಅವನ ಬಾಯನ್ನು ಕಟ್ಟಬಾರದು. ಮೀನನ್ನು ಬೇಗ ಬಿಡಿಸಿದವನಿಗೆ ಕೊಡುವ ಇನಾಮೇ ನಿಜವಾದ ಇನಾಮು.

ಆಯ ಬೇರೆ, ಇನಾಮು ಬೇರೆ

ಇನಾಮು, ಬಕ್ಷೀಸು ಎಂಬ ಮಾತುಗಳು ಅರಬ್ಬಿ, ಪಾರಸಿಗಳಿಂದ ಕನ್ನಡಕ್ಕೆ ಬಂದವು. ಇನಾಮು ಎಂದರೆ ಹಿಂದೆ ಭೂಮಿಯೂ ಆಗಬಹುದಿತ್ತು. ಮೈಸೂರು ರಾಜ್ಯದಲ್ಲಿ ಅಂಥ ವೈಯಕ್ತಿಕ ಇನಾಮುಗಳನ್ನು ರದ್ದುಪಡಿಸುವ ಕಾಯಿದೆ ೧೯೫೪ರದು. ಆದರೆ ಸೇವೆಗೆ ಪ್ರತಿಫಲ ಕೊಡುವ ಕ್ರಮ ಹಳ್ಳಿಗೆ ಹೊಸದಲ್ಲ. ಕಮ್ಮಾರ, ಬಡಗಿ, ಅಗಸ, ನಾಯಿಂದ, ತೋಟಿ ಮೊದಲಾದ ಆಯಗಾರರಿಗೆ ಸುಗ್ಗಿಯ ಕಣದಲ್ಲಿ ಆಯ ಸಲ್ಲುತ್ತಿತ್ತು. ಅದು ಅವರ ಹಕ್ಕು. ರೈತನ ಔದಾರ್ಯದ ಮಾತೇ ಅಲ್ಲಿಲ್ಲ. ಆಯ ಅಳೆದ ಮೇಲೆ ಮನೆಯೊಡತಿ ಪ್ರೀತಿಯಿಂದ ಮೊರದಲ್ಲಿ ಹಾಕಿದ ಒಂದು ಹಿಡಿ ಬೇರೆ.

ಪ್ರವಾಸಿಗರು ಎಡವುವುದು ಈ ಎರಡನ್ನು ಬೆರೆಸಿದಾಗ. ಸಂಗಮದಲ್ಲಿಯಾಗಲಿ ಮುತ್ತತ್ತಿಯಲ್ಲಿಯಾಗಲಿ ಹರಿಗೋಲಿನವನ ಬಾಡಿಗೆಯಲ್ಲಿ ಐವತ್ತು ರೂಪಾಯಿ ಚೌಕಾಸಿ ಮಾಡಿ ಇಳಿಸಿ, ಆಚೆ ದಡದಲ್ಲಿ ಇಪ್ಪತ್ತು ರೂಪಾಯಿ ಭಕ್ಷೀಸು ಕೊಟ್ಟು ದೊಡ್ಡವರಾಗುವವರು ಉಂಟು. ಕೂಲಿಯಲ್ಲಿ ಕಸಿದು ದಾನವಾಗಿ ಹಿಂದಿರುಗಿಸುವ ಈ ವ್ಯಾಪಾರದಲ್ಲಿ ಹರಿಗೋಲಿನವನಿಗೆ ಮೂವತ್ತು ರೂಪಾಯಿ ನಷ್ಟ; ಮೇಲೆ ಸಲಾಮು ಹೊಡೆಯುವ ಋಣ ಬೇರೆ. ಗೊತ್ತಾದ ದರವನ್ನು ಚಕಾರವಿಲ್ಲದೆ ತೆರುವುದು ಮೊದಲ ಮರ್ಯಾದೆ. ಇನಾಮಿನ ಮಾತು ಅದಾದ ನಂತರ.

ಹಾಗಾದರೆ ಎಷ್ಟು? ಅಮೆರಿಕದಲ್ಲಿ ಗಾಳದ ಮಾರ್ಗದರ್ಶಿಗೆ ದಿನದ ಶುಲ್ಕದ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟನ್ನು ಕೊಡುವುದು ರೂಢಿ. ಆ ಅಳತೆಯನ್ನು ಇಲ್ಲಿಗೆ ಹಾಗೆಯೇ ತಂದರೆ ಎರಡು ಬಗೆಯಲ್ಲಿ ತಪ್ಪುತ್ತದೆ. ಶಿಬಿರದಲ್ಲಿ ಅತಿಥಿ ತೆರುವ ಹಣದಲ್ಲಿ ಊಟ, ವಸತಿ, ಪ್ರವೇಶ ಎಲ್ಲವೂ ಸೇರಿರುತ್ತವೆ. ಹರಿಗೋಲಿನ ಬಾಡಿಗೆಯಾದರೋ ಅರ್ಧ ಗಂಟೆಯ ಮಾತು. ಈ ಸೀಮೆಗೆ ಒಪ್ಪುವ ಅಳತೆಗೋಲು ಹೊಲದ ಕೂಲಿ. ಒಬ್ಬ ಮನುಷ್ಯನು ಒಂದು ಪೂರ್ಣ ದಿನ ತನ್ನ ವಿದ್ಯೆಯನ್ನೂ ತೋಳಿನ ಬಲವನ್ನೂ ಒಂದು ಗುಂಪಿಗೇ ಮೀಸಲಿಟ್ಟಿದ್ದರೆ, ಆ ಗುಂಪು ಕೂಡಿ ಕೊಡುವ ಇನಾಮು ಸುತ್ತಿನ ಹಳ್ಳಿಗಳಲ್ಲಿ ಆ ದಿನ ನಡೆಯುತ್ತಿರುವ ಕೂಲಿಯ ಅರ್ಧಕ್ಕೆ ಕಡಿಮೆಯಾಗದಿರಲಿ. ಕೂಲಿಯಷ್ಟೇ ಆದರೆ ಸೊಗಸು. ಅರ್ಧ ಗಂಟೆಯ ಹರಿಗೋಲಿಗೆ ಚಿಲ್ಲರೆಯನ್ನು ಮರಳಿ ಕೇಳದಿದ್ದರೆ ಸಾಕು.

ಕೊಡುವ ಕೈ, ಕೊಡುವ ಹೊತ್ತು

ಹೊತ್ತಿನ ವಿಷಯ. ಇನಾಮನ್ನು ಕೊಡಬೇಕಾದದ್ದು ಹೊರಡುವ ದಿನ, ಕೆಲಸವೆಲ್ಲ ಮುಗಿದ ಮೇಲೆ. ದಿನದಿನವೂ ಕೊಟ್ಟರೆ ಅದು ಕೂಲಿಯಾಗುತ್ತದೆ. ಮೊದಲೇ ಕೊಟ್ಟರೆ ಆಮಿಷವಾಗುತ್ತದೆ. ಮೀನಿಗೆ ಆಮಿಷ ಒಡ್ಡುವುದೇ ಸಾಕು, ಮನುಷ್ಯನಿಗೆ ಬೇಡ.

ಯಾರಿಗೆಂಬ ವಿಷಯ. ಮೀನು ತೋರಿಸಿದವನು ಕಣ್ಣಿಗೆ ಬೀಳುತ್ತಾನೆ. ಹುಟ್ಟು ಹಾಕಿದವನು ಬೆನ್ನ ಹಿಂದೆ ಇರುತ್ತಾನೆ. ನಸುಕಿಗೆ ಎದ್ದು ಕಾಫಿ ಕಾಸಿದವನು ಅಡಿಗೆಮನೆಯಲ್ಲಿಯೇ ಉಳಿಯುತ್ತಾನೆ. ಒಬ್ಬನಿಗೆ ಕೊಟ್ಟು ಇಬ್ಬರನ್ನು ಮರೆತರೆ, ಅತಿಥಿ ಹೋದ ಮೇಲೆ ಮೂವರ ನಡುವೆ ಮುನಿಸು ಉಳಿಯುತ್ತದೆ. ಎಲ್ಲರಿಗೂ ಹಂಚುವ ಪೆಟ್ಟಿಗೆ ಶಿಬಿರದಲ್ಲಿದೆಯೇ ಎಂದು ಮೇಲ್ವಿಚಾರಕರನ್ನು ಮುಂಚೆಯೇ ವಿಚಾರಿಸುವುದು ಜಾಣತನ. ಇದ್ದರೆ ಅದರಲ್ಲಿಯೇ ಹಾಕಬೇಕು. ಇಲ್ಲದಿದ್ದರೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕೊಡಬೇಕು.

ಕೊಡುವ ರೀತಿ ಎಲ್ಲಕ್ಕಿಂತ ಸೂಕ್ಷ್ಮ. ನಾಲ್ಕು ಜನರ ಎದುರಿಗೆ ನೋಟನ್ನು ಬೀಸಿ ಕರೆಯುವುದು, ಹರಿಗೋಲಿನೊಳಗೆ ಎಸೆದು ನಡೆಯುವುದು ಕೊಟ್ಟದ್ದನ್ನೂ ಕೆಡಿಸುತ್ತವೆ. ಬದಿಗೆ ಕರೆದು, ವಯಸ್ಸಾದವನಾದರೆ ‘ಯಜಮಾನರೇ’ ಎಂದೂ, ಸಮಾನ ವಯಸ್ಕನಾದರೆ ‘ಅಣ್ಣಾ’ ಎಂದೂ ಮಾತನಾಡಿಸಿ, ಬಲಗೈಯಿಂದ ಕೊಟ್ಟರೆ ಹತ್ತು ರೂಪಾಯಿ ನೂರಾಗುತ್ತದೆ. ಈ ಕಡೆಯ ಜನ ಮೊದಲ ಸಲ ಚಾಚಿದ ಕೈಗೆ ‘ಇರ್ಲಿ ಬುಡಿ ಸ್ವಾಮಿ’ ಎನ್ನುವುದುಂಟು. ಅದು ನಿರಾಕರಣೆಯಲ್ಲ, ಸಂಕೋಚ. ‘ಮಕ್ಕಳಿಗೆ ಏನಾದರೂ ಕೊಡಿಸಿ’ ಎಂಬ ಮಾತಿನೊಡನೆ ಇನ್ನೊಮ್ಮೆ ಕೊಟ್ಟರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಇನಾಮಿನ ಬದಲಿಗೆ ಸೀಸೆ ಕೊಡುವವರಿದ್ದಾರೆ. ಬಂಡೆ, ಸುಳಿ, ಮೊಸಳೆಗಳ ನಡುವೆ ದುಡಿಯುವವನಿಗೆ ಮದ್ಯ ಕೊಡುವುದು ಅವನ ಮನೆಗೆ ಮಾಡುವ ದ್ರೋಹ. ಹರಕು ಬಟ್ಟೆಯೂ ಉಡುಗೊರೆಯಲ್ಲ. ಗಾಳದ ದಿನಗಳಲ್ಲಿ ತಿಳಿವಳಿಕೆಯುಳ್ಳ ವಿದೇಶೀಯರು ಹೋಗುವಾಗ ಒಳ್ಳೆಯ ಗಾಳ, ಗಟ್ಟಿಯಾದ ದಾರ, ಕೆಲವೊಮ್ಮೆ ಕೋಲನ್ನೇ ಬಿಟ್ಟುಹೋಗುತ್ತಿದ್ದರು. ಕುಶಲಕರ್ಮಿಗೆ ಅವನ ಕಸುಬಿನ ಹತಾರವನ್ನು ಕೊಡುವುದರಲ್ಲಿ ಒಂದು ಗೌರವವಿದೆ.

ಹಣವಿಲ್ಲದ ಇನಾಮೂ ಒಂದುಂಟು. ಅತಿಥಿಗಳು ಜೊತೆಗಾರನ ಹೆಗಲ ಮೇಲೆ ಕೈಹಾಕಿ ಚಿತ್ರ ತೆಗೆಸಿಕೊಳ್ಳುತ್ತಾರೆ, ‘ಕಳಿಸುತ್ತೇವೆ’ ಎಂದು ಮಾತು ಕೊಡುತ್ತಾರೆ. ಊರು ಸೇರಿದೊಡನೆ ಮಾತು ಮರೆಯುತ್ತದೆ. ಆ ಒಂದು ಚಿತ್ರ ಬರುವುದೆಂದು ಹಳ್ಳಿಯ ಮನೆಯಲ್ಲಿ ಕಾಯುವವರಿರುತ್ತಾರೆ. ಅದನ್ನು ಕಳಿಸಿಕೊಡುವುದು, ಶಿಬಿರದ ಪುಸ್ತಕದಲ್ಲಿ ಅವನ ಹೆಸರು ಹಿಡಿದು ಎರಡು ಒಳ್ಳೆಯ ಮಾತು ಬರೆಯುವುದು ಖರ್ಚಿಲ್ಲದ ಕೆಲಸ. ಅವನ ನೌಕರಿಗೆ ಮಾತ್ರ ಅದು ಊರುಗೋಲು.

ಗಾಳ ನಿಂತ ಮೇಲೆ

ಈ ಭಾಗದ ಕಾಡು ೧೯೮೭ರಲ್ಲಿ ಕಾವೇರಿ ವನ್ಯಜೀವಿ ಧಾಮವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಮುಂದೆ ಆದ ತಿದ್ದುಪಡಿಯಲ್ಲಿ ಪ್ರಾಣಿ ಎಂಬ ಮಾತಿನ ಅರ್ಥದೊಳಗೆ ಮೀನೂ ಸೇರಿತು. ಹಿಡಿದು ಬಿಡುವುದೂ ಬೇಟೆಯೇ ಎಂಬ ವಾದ ಬಲಗೊಂಡು, ೨೦೧೨ರ ಹೊತ್ತಿಗೆ ಧಾಮದೊಳಗಿನ ಗಾಳದ ಶಿಬಿರಗಳ ಕಾಲ ಮುಗಿಯಿತು. ಧಾಮದೊಳಗೆ ಬೇಟೆಗೆ ಯಾವ ರೂಪದಲ್ಲಿಯೂ ಎಡೆಯಿರಬಾರದೆಂದು ಒಂದು ಪಕ್ಷ. ಗಾಳದವರೂ ಅವರ ಜೊತೆಗಾರರೂ ದಡದಲ್ಲಿದ್ದರೆ ಸಿಡಿಮದ್ದಿನವನು ಸುಳಿಯುವುದಿಲ್ಲವೆಂದು ಇನ್ನೊಂದು ಪಕ್ಷ. ಎರಡೂ ಕಡೆ ನದಿಯ ಮೇಲಿನ ಪ್ರೀತಿಯುಳ್ಳವರೇ ಇದ್ದರು. ಮಧ್ಯೆ ಸಿಕ್ಕಿದವನು ಬದುಕನ್ನು ಗಾಳದ ದಾರಕ್ಕೆ ಕಟ್ಟಿದ್ದ ಹಳ್ಳಿಗ. ಅವನ ಸಂಬಳದ ಪಾಡು ಹೇಗೇ ಇರಲಿ, ಗಾಳದ ಇನಾಮಂತೂ ನಿಂತಿತು.

ಮೀನಿನ ಸ್ಥಿತಿಯೂ ಕಳವಳಕಾರಿಯೇ. ಕಿತ್ತಳೆ ಬಣ್ಣದ ರೆಕ್ಕೆಯ, ಬೆನ್ನಿನ ಮೇಲೆ ಡುಬ್ಬವುಳ್ಳ ಕಾವೇರಿಯ ಹಳೆಯ ಮಹಶೀರ್‌ಗೆ ವಿಜ್ಞಾನದಲ್ಲಿ ಟಾರ್ ರೆಮಾದೇವಿಯೈ ಎಂಬ ಹೆಸರು ನಿಶ್ಚಯವಾದುದು ೨೦೧೮ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿದಂತೆಲ್ಲ ಈ ಮೂಲನಿವಾಸಿ ಕುಗ್ಗಿದುದನ್ನು ತೋರಿಸಿಕೊಟ್ಟದ್ದು ಗಾಳಿಬೋರೆಯ ಅದೇ ಲೆಕ್ಕಪುಸ್ತಕ. ಜೊತೆಗಾರರ ಕೈಮೇಲೆ ಹಾದುಹೋದ ಒಂದೊಂದು ಮೀನೂ ಆ ಸಾಕ್ಷ್ಯದಲ್ಲಿ ಸೇರಿದೆ.

ಇಂದು ಭೀಮೇಶ್ವರಿ, ಗಾಳಿಬೋರೆಗಳಿಗೆ ಬರುವವರು ಕಾಡನ್ನು ನೋಡಲು, ಹಕ್ಕಿಗಳನ್ನು ಗುರುತಿಸಲು, ಹರಿಗೋಲಿನಲ್ಲಿ ಸುತ್ತಲು ಬರುತ್ತಾರೆ. ದಾರಿತೋರುವವನ ಅಗತ್ಯ ಕಡಿಮೆಯಾಗಿಲ್ಲ. ಮುತ್ತತ್ತಿಯಲ್ಲಿ, ಸಂಗಮದಲ್ಲಿ, ಮೇಕೆದಾಟಿನಲ್ಲಿ ಶಾಂತವಾಗಿ ಕಾಣುವ ನೀರಿಗಿಳಿದು ಮರಳದೆ ಹೋದವರು ಹಲವರು. ‘ಇಲ್ಲಿ ಇಳಿಯಬೇಡಿ’ ಎಂದು ತಡೆಯುವವನು ಸಂತೋಷಕ್ಕೆ ಅಡ್ಡಿಯಾಗಿ ತೋರುತ್ತಾನೆ. ಅವನ ಕೈಗೆ ನೂರು ರೂಪಾಯಿ ತುರುಕಿ, ನಿಷೇಧಿಸಿದ ಮಡುವಿಗಿಳಿಯುವವರು, ಕದ್ದು ಗಾಳ ಹಾಕಲು ಕೇಳುವವರು, ಆನೆಯ ಹತ್ತಿರ ಕರೆದೊಯ್ಯಲು ಪೀಡಿಸುವವರು ಇದ್ದಾರೆ. ಅಂಥ ಹಣಕ್ಕೆ ಇನಾಮೆಂಬ ಹೆಸರು ಸಲ್ಲದು; ಅದು ಲಂಚ. ಅದನ್ನು ತೆಗೆದುಕೊಂಡವನ ಕೆಲಸ ಹೋಗಬಹುದು, ಕೊಟ್ಟವನ ಪ್ರಾಣವೇ ಹೋಗಬಹುದು. ‘ಬೇಡ’ ಎಂದು ಗಟ್ಟಿಯಾಗಿ ನಿಂತ ಜೊತೆಗಾರನಿಗೆ ಹೊರಡುವಾಗ ಒಂದು ನೋಟು ಹೆಚ್ಚು ಕೊಡಬೇಕೆಂಬುದು ವಿವೇಕಿಗಳ ಮತ.

ಮುತ್ತತ್ತಿಯ ದಡದಲ್ಲಿ ಆಂಜನೇಯನ ಗುಡಿಯಿದೆ. ಸೀತಾದೇವಿ ಹೊಳೆಯಲ್ಲಿ ಮೀಯುವಾಗ ಮೂಗುತಿಯ ಮುತ್ತು ನೀರಿಗೆ ಬಿತ್ತೆಂದೂ, ಹನುಮಂತನು ಬಾಲದಿಂದ ಮಡುವನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂದೂ, ಮುತ್ತು ಎತ್ತಿದವನಾದುದರಿಂದ ಮುತ್ತೆತ್ತಿರಾಯನಾದನೆಂದೂ ಸ್ಥಳದ ಕಥೆ. ನಟಸಾರ್ವಭೌಮ ರಾಜಕುಮಾರ್ ಅವರಿಗೆ ತಂದೆತಾಯಿಗಳು ಇಟ್ಟ ಮುತ್ತುರಾಜ ಎಂಬ ಹೆಸರು ಈ ದೇವರದೇ. ಹೊಳೆಯೊಳಗಿನದನ್ನು ಹುಡುಕಿ ತಂದವನಿಗೆ ಸೀತಾದೇವಿ ಕೊಟ್ಟ ಇನಾಮು ಒಂದು ಹೆಸರು. ಹೆಸರಿನಿಂದ ದೇವರಿಗೆ ಸಾಕು. ಮನೆಯಲ್ಲಿ ಒಲೆ ಉರಿಯಬೇಕಾದ ಮನುಷ್ಯನಿಗೆ ಹೆಸರಿನ ಜೊತೆಗೆ ಹಣವೂ ಬೇಕು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬುದು ನಾಡಿನ ಹಳೆಯ ಗಾದೆ. ಲೋಕ ಹೀಗೆ ನಡೆಯುತ್ತದೆಂದು ಅದು ಹೇಳುತ್ತದೆಯೇ ಹೊರತು ಹೀಗೆ ನಡೆಯಬೇಕೆಂದು ಹೇಳುವುದಿಲ್ಲ. ಕಾವೇರಿಯನ್ನು ನೋಡಿ, ಮರಳಿ ಸಾತನೂರಿನ ರಸ್ತೆಯನ್ನು ಹಿಡಿಯುವ ಮುನ್ನ, ಹರಿಗೋಲು ದಡ ಮುಟ್ಟಿದ ಮೇಲೂ ಅರೆಗಳಿಗೆ ನಿಂತು, ಹುಟ್ಟು ಹಿಡಿದವನ ಹೆಸರು ಕೇಳಿ, ಅವನ ಕೈಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಕಷ್ಟದ ಕೆಲಸವೇನೂ ಅಲ್ಲ.